ದಾನವೂ ಪಾಲನೆಯೂ: ಸಣ್ಣ ಊರುಗಳ ಆಸರೆಗಳ ಇತಿಹಾಸ

ಕೆರೆ, ಬಾವಿ, ಅರವಟ್ಟಿಗೆ, ಛತ್ರ, ಶಾಲೆ, ಗ್ರಂಥಭಂಡಾರ, ಔಷಧಶಾಲೆ ಇವೆಲ್ಲವೂ ಒಂದು ಊರಿನ ಆಸರೆಗಳು. ಉಳ್ಳವನು ಇವಿಲ್ಲದೆಯೂ ಹೇಗೋ ಬದುಕಿಯಾನು. ಇಲ್ಲದವನಿಗೆ ಇವೇ ಮನೆ, ಇವೇ ಬಂಧು. ಇವುಗಳನ್ನು ಕಟ್ಟಿಸಿದ ಅರಸರ, ದಂಡನಾಯಕರ, ಸಾಹುಕಾರರ ಹೆಸರುಗಳನ್ನು ನಾವು ಶಾಲೆಯಲ್ಲಿ ಹೇಳಿಕೊಡುತ್ತೇವೆ. ಆದರೆ ಕಟ್ಟಿದ ಮೇಲೆ ಇವು ಹೇಗೆ ನಡೆದವು, ಯಾವ ಉತ್ಪನ್ನದಿಂದ ನಡೆದವು, ಯಾರು ನಡೆಸಿದರು ಎಂಬ ಪ್ರಶ್ನೆಯನ್ನು ಮಕ್ಕಳ ಮುಂದೆ ಇಡುವುದು ಕಡಮೆ. ಗಡಿಯ ಆಚೆ ಈಚೆ ಹಂಚಿಹೋಗಿರುವ ನಮ್ಮ ಕನ್ನಡ ಊರುಗಳಿಗೆ ಇಂದು ಬೇಕಾಗಿರುವುದು ಈ ಎರಡನೆಯ ಪ್ರಶ್ನೆಯೇ. ಆದುದರಿಂದ ಪ್ರಸ್ತುತ ಲೇಖನದಲ್ಲಿ ಅದನ್ನು ಕೈಗೆತ್ತಿಕೊಂಡಿದ್ದೇವೆ.

ನಮ್ಮ ನಾಡಿನ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಕಾಣಬರುವ ಒಂದು ಸಂಸ್ಕೃತ ಶ್ಲೋಕವುಂಟು. ದಾನ ಮಾಡುವುದು, ಮಾಡಿದ ದಾನವನ್ನು ಕಾಯುವುದು ಇವೆರಡರಲ್ಲಿ ಕಾಯುವುದೇ ಮೇಲು. ಕೊಟ್ಟವನಿಗೆ ಸ್ವರ್ಗ ದೊರೆತರೆ ಕಾಯ್ದವನಿಗೆ ಚ್ಯುತಿಯಿಲ್ಲದ ಪದವಿ ದೊರೆಯುವುದೆಂಬುದು ಅದರ ಭಾವ. ಇದನ್ನು ಬರಿಯ ವಾಡಿಕೆಯ ಮಾತೆಂದು ತಿಳಿಯಬಾರದು. ಹಿಂದಿನವರು ಈ ಮಾತಿಗೆ ತಕ್ಕಂತೆ ಲೆಕ್ಕವನ್ನೂ ಹಾಕಿದ್ದರೆಂಬುದಕ್ಕೆ ಶಾಸನಗಳೇ ಸಾಕ್ಷಿ.

ಮೊದಲು ಸಾಲೋಟಗಿಯನ್ನು ನೋಡೋಣ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಈ ಊರು ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳಿಗೆ ನೆರೆಯದು. ಇದರ ಹಳೆಯ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಇಲ್ಲಿ ತ್ರಯೀಪುರುಷ ದೇವರ ಸನ್ನಿಧಿಯಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದು ಕ್ರಿ. ಶ. 945ರ ಸ್ತಂಭಶಾಸನವು ತಿಳಿಸುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಇಲ್ಲಿ 27 ವಸತಿಗೃಹಗಳಿದ್ದವು. ಶಾಲೆಯ ದೀಪಗಳ ವೆಚ್ಚಕ್ಕೆಂದು 12 ನಿವರ್ತನ ಭೂಮಿ, ಮುಖ್ಯ ಉಪಾಧ್ಯಾಯನ ಜೀವಿತಕ್ಕೆಂದು 50 ನಿವರ್ತನ ಭೂಮಿ ಬೇರೆ ಬೇರೆಯಾಗಿ ಮೀಸಲಾಗಿದ್ದವು. ಶಾಲೆಯ ಎಣ್ಣೆಯ ಖರ್ಚಿಗೂ ಒಂದು ಹೊಲವನ್ನು ಗೊತ್ತುಮಾಡಿದ ಆ ಮುಂದಾಲೋಚನೆಯನ್ನು ಉಪಾಧ್ಯಾಯ ಬಂಧುಗಳು ಗಮನಿಸಬೇಕು.

ಇದಕ್ಕಿಂತಲೂ ಮನನೀಯವಾದ ಸಂಗತಿ ಮತ್ತೊಂದಿದೆ. ಶಾಲೆಯ ಭಾರವನ್ನು ಮಂತ್ರಿಯ ದಾನದ ಮೇಲೆಯೇ ಬಿಡದೆ, ಊರಿನ ಮನೆಮನೆಗೂ ಅದರಲ್ಲಿ ಪಾಲನ್ನು ಗೊತ್ತುಮಾಡಿದ್ದರು. ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯವನ್ನು ಶಾಲೆಗೆ ಸಲ್ಲಿಸತಕ್ಕದ್ದು. ಊರಿನಲ್ಲಿ ಸಂತರ್ಪಣೆಯಾದಾಗ ಶಕ್ತ್ಯನುಸಾರವಾಗಿ ಶಾಲೆಯವರಿಗೂ ಊಟ ಹಾಕತಕ್ಕದ್ದು. ದುಃಖದ ದಿನದಲ್ಲಿ ಯಾರನ್ನೂ ಕೇಳದೆ, ಸಂತೋಷದ ದಿನದಲ್ಲಿ ಎಲ್ಲರನ್ನೂ ಕೇಳುವ ಈ ಏರ್ಪಾಡಿನಿಂದ ಶಾಲೆಯು ದೊರೆಯ ಶಾಲೆಯಾಗಿ ಉಳಿಯದೆ ಊರಿನ ಶಾಲೆಯಾಯಿತು. ‘ಶಾಲಾಪಾವಿಟ್ಟಗೆ’ ಎಂಬುದೇ ಸವೆದು ‘ಸಾಲೋಟಗಿ’ ಆಯಿತೆಂದು ವಿದ್ವಾಂಸರು ಊಹಿಸಿದ್ದಾರೆ. ಶಾಲೆ ಅಳಿದು ಶತಮಾನಗಳು ಕಳೆದರೂ ಊರು ತನ್ನ ಹೆಸರಿನಲ್ಲಿ ಅದನ್ನು ಹೊತ್ತು ನಿಂತಿದೆ.

ಸಾಲೋಟಗಿಯ ತರುವಾಯ ನಾಗಾವಿಯನ್ನು ಹೇಳಬೇಕು. ಇದು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ಊರು. ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಕಾಲದಲ್ಲಿ, 1058ರಲ್ಲಿ, ಇಲ್ಲಿಯ ಘಟಿಕಾಸ್ಥಾನಕ್ಕೆ ದಾನಗಳು ನಡೆದವು. ವೇದವನ್ನು ಓದುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರಗಳನ್ನು ಓದುವ ಐವತ್ತರಷ್ಟು ವಿದ್ಯಾರ್ಥಿಗಳು, ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಸರಸ್ವತೀ ಭಂಡಾರವೆಂದರೆ ಗ್ರಂಥಭಂಡಾರ. ಭಂಡಾರಿಗರೆಂದರೆ ಅದನ್ನು ಕಾಯುವವರು. ಉಪಾಧ್ಯಾಯರೆಷ್ಟು ಮಂದಿಯೋ ಗ್ರಂಥಪಾಲಕರೂ ಅಷ್ಟೇ ಮಂದಿ. ಓಲೆಯ ಗ್ರಂಥವನ್ನು ಹುಳು ತಿನ್ನುತ್ತದೆ, ತೇವ ಕೆಡಿಸುತ್ತದೆ. ಅದನ್ನು ತೆಗೆದು, ಒರೆಸಿ, ಎಣ್ಣೆ ಸವರಿ, ಹಳತಾದುದನ್ನು ಹೊಸದಾಗಿ ಪ್ರತಿಮಾಡಿ ಇಡುವವರಿಲ್ಲದಿದ್ದರೆ ಭಂಡಾರವು ಎರಡು ತಲೆಮಾರಿಗೆ ಮಣ್ಣಾಗುವುದು. ಈ ತತ್ತ್ವವನ್ನು ನಾಗಾವಿಯವರು ಅರಿತಿದ್ದರು. ಇದಕ್ಕೆ ಮುಂಚೆಯೇ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಅಲ್ಲಿ ಗ್ರಂಥದ ಹರಹು, ಇಲ್ಲಿ ಗ್ರಂಥದ ಕಾವಲು, ಎರಡೂ ಬೇಕು.

ಶಾಲೆಯಿಂದಲೂ ಗ್ರಂಥದಿಂದಲೂ ಮುಂದೆ ಸಾಗಿ ಹಸಿವು, ರೋಗಗಳ ಕಡೆಗೆ ತಿರುಗಿದರೆ ನಮಗೆ ದೊರೆಯುವ ಅತ್ಯುಜ್ಜ್ವಲವಾದ ಉದಾಹರಣೆ ಬಳ್ಳಿಗಾವೆಯದು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಈ ಗ್ರಾಮವು ಒಂದು ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿ. ಅಲ್ಲಮಪ್ರಭುವಿನ ಹೆಸರಿನೊಡನೆ ಬೆಸೆದ ಊರು. ಇಲ್ಲಿ ಶೈವ, ವೈಷ್ಣವ, ಜೈನ, ಬೌದ್ಧ ಆಲಯಗಳು ಒಂದರ ಬದಿಯಲ್ಲೊಂದು ಇದ್ದವು. 1129ರ ಶಾಸನವೊಂದು ಹರಿ, ಹರ, ಬ್ರಹ್ಮ, ಜಿನ, ಬುದ್ಧರಿಗೆ ಸೇರಿದ ಐದು ಮಠಗಳನ್ನು ಒಟ್ಟಿಗೆ ಹೆಸರಿಸುತ್ತದೆ. ಇವುಗಳೊಡನೆ ಇಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಹೆಸರಾದುದು. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ಬಳಿ ಇದ್ದುದರಿಂದ ಅದಕ್ಕೆ ಆ ಹೆಸರು ಬಂದಿತೆನ್ನುತ್ತಾರೆ.

ಬಿಜ್ಜಳನ ಆಳಿಕೆಯ 1162ರ ಶಾಸನವು, ವಾಮಶಕ್ತಿ ಪಂಡಿತದೇವರು ಆಚಾರ್ಯರಾಗಿದ್ದ ಈ ಮಠದಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ಸಾಲುಸಾಲಾಗಿ ಹೇಳುತ್ತದೆ. ನಾಲ್ಕು ವೇದಗಳ ಅಧ್ಯಯನ. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳೊಡನೆ ಬೌದ್ಧ ದರ್ಶನದ ಪಾಠ. ಲಾಕುಲಸಿದ್ಧಾಂತ, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕಗಳು. ಇಷ್ಟು ವಿದ್ಯೆಯ ಮಾತು. ಅಲ್ಲಿಂದ ಶಾಸನವು ಅನ್ನದ ಮಾತಿಗೆ ಬರುತ್ತದೆ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಆಟಪಾಟಗಳಿಂದ ಹೊಟ್ಟೆ ಹೊರೆವ ಕಲಾವಿದರಿಗೆ, ಬೇರೆ ಬೇರೆ ನಾಡುಗಳಿಂದ ಬಂದ ಭಿಕ್ಷುಕರಿಗೆ ಅಲ್ಲಿ ಊಟ ದೊರೆಯುತ್ತಿತ್ತು. ದಿಕ್ಕಿಲ್ಲದ ರೋಗಿಗಳನ್ನು ಇರಿಸಿಕೊಂಡು ಔಷಧೋಪಚಾರ ಮಾಡುವ ಸ್ಥಾನವೂ ಅದಾಗಿತ್ತು. ಸಕಲ ಪ್ರಾಣಿಗಳಿಗೂ ಅದು ಅಭಯಸ್ಥಾನವೆಂದು ಶಾಸನವು ಬಣ್ಣಿಸುತ್ತದೆ.

ಈ ಪಟ್ಟಿಯನ್ನು ನಿಧಾನವಾಗಿ ಓದಿದವರಿಗೆ ಎರಡು ಸಂಗತಿಗಳು ಹೊಳೆಯದಿರವು. ಮೊದಲನೆಯದಾಗಿ, ಪಂಡಿತನಿಗೂ ದೊಂಬರಾಟದವನಿಗೂ ಒಂದೇ ಸೂರಿನ ಕೆಳಗೆ ಸ್ಥಳವಿತ್ತು. ವಿದ್ಯಾದಾನ, ಅನ್ನದಾನ, ಔಷಧದಾನಗಳು ಮೂರು ಕಚೇರಿಗಳಾಗಿ ಒಡೆದಿರಲಿಲ್ಲ. ಎರಡನೆಯದಾಗಿ, ‘ಬಡವರಿಗೆ ಸಹಾಯ’ ಎಂದು ಸ್ಥೂಲವಾಗಿ ಹೇಳಿ ಮುಗಿಸದೆ, ಯಾರು ಯಾರಿಗೆಂಬುದನ್ನು ಒಬ್ಬೊಬ್ಬರನ್ನಾಗಿ ಎಣಿಸಿ ಬರೆದಿದ್ದಾರೆ. ಶಾಸನದಲ್ಲಿ ತನ್ನ ಹೆಸರಿದೆಯೆಂದು ಕುರುಡನು ತಿಳಿದನೆಂದರೆ ಅವನು ಬಾಗಿಲಲ್ಲಿ ಅಂಜುತ್ತ ನಿಲ್ಲಬೇಕಾಗಿಲ್ಲ.

ಅನ್ನಕ್ಕಿಂತ ಮೊದಲಿನದು ನೀರು. ಈ ವಿಷಯದಲ್ಲಿ ನಮ್ಮ ಸೊಲ್ಲಾಪುರವೇ ಸಾಕ್ಷಿ. ಹನ್ನೆರಡನೆಯ ಶತಮಾನದಲ್ಲಿ ಇದು ಸೊನ್ನಲಿಗೆಯೆಂಬ ಸಣ್ಣ ಊರು. ಶಿವಯೋಗಿ ಸಿದ್ಧರಾಮನು ಇಲ್ಲಿ ಜನರನ್ನು ಕೂಡಿಸಿ ಕೆರೆಯನ್ನು ಅಗೆಯಿಸಿದನು, ದೇವಾಲಯವನ್ನು ನಿಲ್ಲಿಸಿದನು. ಈ ಕಾಯಕದ ಕತೆಯನ್ನು ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಹಾಡಿದ್ದಾನೆ. ಅಲ್ಲಮಪ್ರಭುವು ಇಲ್ಲಿಗೆ ಬಂದಾಗ ಸಿದ್ಧರಾಮನನ್ನು ‘ಒಡ್ಡ’ನೆಂದು ಕರೆದನೆಂಬ ಕತೆ ಶರಣಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ. ಮಣ್ಣು ಹೊರುವ ಕೆಲಸವನ್ನೇ ಯೋಗವನ್ನಾಗಿ ಮಾಡಿಕೊಂಡವನಿಗೆ ಅದು ಬಿರುದೇ ಸರಿ. ಕೆರೆಯು ಇಂದಿಗೂ ಪಟ್ಟಣದ ನಡುವೆ ಇದೆ. ಮಕರ ಸಂಕ್ರಾಂತಿಯ ಗಡ್ಡಾ ಯಾತ್ರೆಗೆ ಕನ್ನಡಿಗರು, ಮರಾಠಿಗರು, ತೆಲುಗರು ಒಂದಾಗಿ ನೆರೆಯುತ್ತಾರೆ.

ಕೆರೆಯನ್ನು ಕಟ್ಟುವುದು ಒಂದು ತಲೆಮಾರಿನ ಕೆಲಸ. ಅದರ ಹೂಳನ್ನು ತೆಗೆಯುವುದು ಎಲ್ಲ ತಲೆಮಾರುಗಳ ಕೆಲಸ. ಇದಕ್ಕಾಗಿ ಕನ್ನಡದಲ್ಲಿ ಹುಟ್ಟಿದ ಮಾತುಗಳನ್ನು ಮಕ್ಕಳಿಗೆ ಕಲಿಸುವುದು ಉಚಿತ. ಕೆರೆಯ ರಕ್ಷಣೆಗೆಂದು ಮೀಸಲಿಟ್ಟ ಉತ್ಪನ್ನಕ್ಕೆ ‘ಬಿತ್ತುವಟ್ಟ’ ಎಂದು ಹೆಸರು. ಕೆರೆಯನ್ನು ಕಟ್ಟಿದವನಿಗೆ, ಕೆಟ್ಟುದನ್ನು ಸರಿಪಡಿಸಿದವನಿಗೆ ಬಿಟ್ಟುಕೊಟ್ಟ ಭೂಮಿ ‘ಕಟ್ಟುಗೊಡಗೆ’. ನೀರನ್ನು ಹೊಲಹೊಲಕ್ಕೆ ಹಂಚಿಕೊಡುವವನು ‘ನೀರುಗಂಟಿ’. ಹೂಳನ್ನು ಹೊತ್ತು ಏರಿಯ ಮೇಲೆ ಸುರಿಯಲು ಬಂಡಿ, ಅದನ್ನೆಳೆಯಲು ಕೋಣ, ಅದನ್ನು ಹೊಡೆಯುವ ಆಳು, ಇವರಿಗೆಲ್ಲ ಗ್ರಾಸ ಎಂದು ಲೆಕ್ಕ ಹಾಕಿ ಭೂಮಿ ಬಿಟ್ಟ ಶಾಸನಗಳು ವಿಜಯನಗರದ ಕಾಲದಲ್ಲಿ ದೊರೆಯುತ್ತವೆ. ಕೋಣದ ಮೇವಿನವರೆಗೂ ಯೋಚಿಸಿದವರು ಕೆರೆಯನ್ನು ಹಬ್ಬದ ದಿನ ಉದ್ಘಾಟಿಸಿ ಮರೆತವರಲ್ಲ.

ಮೇಲೆ ಹೇಳಿದ ಏರ್ಪಾಡುಗಳನ್ನೆಲ್ಲ ಕಲ್ಲಿನಲ್ಲಿ ಬರೆಯಿಸಿ, ಗುಡಿಯ ಅಂಗಳದಲ್ಲಿಯೋ ಕೆರೆಯ ಏರಿಯ ಮೇಲೆಯೋ ನಿಲ್ಲಿಸುತ್ತಿದ್ದರು. ಕಲ್ಲಿನ ತಲೆಯಲ್ಲಿ ಸೂರ್ಯಚಂದ್ರರು, ಕರುವಿಗೆ ಹಾಲೂಡುವ ಆಕಳು ಇರುವುದನ್ನು ನಮ್ಮ ವಿದ್ಯಾರ್ಥಿಗಳು ಕಂಡಿರಬಹುದು. ಸೂರ್ಯಚಂದ್ರರಿರುವವರೆಗೆ ಇದು ನಡೆಯಲಿ, ಕೆಡಿಸಿದವನಿಗೆ ಗೋಹತ್ಯೆಯ ಪಾಪ ತಟ್ಟಲಿ ಎಂಬುದು ಅದರ ಸಂಕೇತ. ಅರಸನ ಹೊಗಳಿಕೆ ಎಷ್ಟೇ ಬಿಗಿಯಾದ ಭಾಷೆಯಲ್ಲಿರಲಿ, ಹೊಲದ ಎಲ್ಲೆ, ಅಳತೆ, ಸಲ್ಲಬೇಕಾದ ಪಾಲು ಇವನ್ನು ಹೇಳುವಾಗ ಕನ್ನಡ ನಾಡಿನ ಶಾಸನಗಳು ಬಹುಮಟ್ಟಿಗೆ ಊರಿನವರು ಬಲ್ಲ ಕನ್ನಡಕ್ಕೆ ಇಳಿಯುತ್ತವೆ. ಹೊಗಳಿಕೆ ತಿಳಿಯದಿದ್ದರೆ ನಷ್ಟವಿಲ್ಲ. ಎಲ್ಲೆ ತಿಳಿಯದಿದ್ದರೆ ಹೊಲವೇ ಹೋಗುತ್ತದೆ. ಹೀಗೆ ಶಾಸನವು ದಾನದ ದಾಖಲೆಯಾಗಿದ್ದಂತೆಯೇ ಊರಿಗೆಲ್ಲ ಸಾರಿದ ಪ್ರಕಟಣೆಯೂ ಆಗಿತ್ತು.

ಹಿಂದಿನದನ್ನು ಹೊಗಳುವ ಭರದಲ್ಲಿ ಸತ್ಯವನ್ನು ಮರೆಮಾಚಲಾಗದು. ಸಾಲೋಟಗಿ, ನಾಗಾವಿಗಳ ವಿದ್ಯೆಯು ಬಹುಮಟ್ಟಿಗೆ ಒಂದು ವರ್ಣದ ಹುಡುಗರಿಗೆ ಮೀಸಲಾಗಿತ್ತು. ಹೆಣ್ಣುಮಕ್ಕಳಿಗೆ ಅಲ್ಲಿ ಸ್ಥಳವಿರಲಿಲ್ಲ. ಎಷ್ಟೋ ಊರುಗಳ ಕೆರೆ ಬಾವಿಗಳಿಗೆ ಅಸ್ಪೃಶ್ಯರೆನಿಸಿದವರು ಇಳಿಯುವಂತಿರಲಿಲ್ಲ. ಕೆರೆಯನ್ನು ಅಗೆದ ಕೈಗೆ ಕೆರೆಯ ನೀರು ಸಿಕ್ಕದ ಈ ಅನ್ಯಾಯವನ್ನು ನೇರಾಗಿ ಎದುರಿಸಿದ ಸ್ಥಳವೂ ಒಂದು ಸಣ್ಣ ಊರೇ. ಕೊಂಕಣದ ಮಹಾಡ ಪಟ್ಟಣದ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿಡುವುದಾಗಿ ಅಲ್ಲಿಯ ಮುನಸಿಪಾಲಿಟಿ 1924ರಲ್ಲಿ ಗೊತ್ತುವಳಿ ಮಾಡಿತು. ಗೊತ್ತುವಳಿ ಕಾಗದದಲ್ಲಿಯೇ ಉಳಿಯಿತು. 1927ರ ಮಾರ್ಚ್ 20ರಂದು ಡಾ. ಬಾಬಾಸಾಹೇಬ ಅಂಬೇಡಕರರು ಸಾವಿರಾರು ಜನರೊಡನೆ ಕೆರೆಗೆ ನಡೆದು ನೀರು ಕುಡಿದರು. ಅದರ ಮೇಲೆ ನಡೆದ ವ್ಯಾಜ್ಯವು 1937ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ಅವರ ಪರವಾಗಿ ತೀರ್ಮಾನವಾಯಿತು. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳು ಎಲ್ಲರಿಗೂ ಸಮಾನವೆಂದು ಸಂವಿಧಾನದ 15ನೆಯ ಅನುಚ್ಛೇದವು ಸಾರುತ್ತದೆ. ಹಳೆಯ ಶಾಸನಗಳಲ್ಲಿದ್ದ ದೊಡ್ಡ ಕೊರತೆಯನ್ನು ಈ ಹೊಸ ಶಾಸನವು ತುಂಬಿತು.

ಹಳೆಯ ಏರ್ಪಾಡುಗಳು ಸಡಿಲಿದ ಬಗೆಯನ್ನು ಸಂಕ್ಷೇಪವಾಗಿ ಹೇಳುವೆವು. ಅರಸುಮನೆತನಗಳು ಅಳಿದವು, ಯುದ್ಧ, ಬರಗಳಲ್ಲಿ ಊರುಗಳು ಹಾಳಾದವು. ಮುಂಬಯಿ ಆಧಿಪತ್ಯದಲ್ಲಿ 1852ರ ಕಾಯ್ದೆಯ ಮೇರೆಗೆ ನೇಮಕವಾದ ಇನಾಮು ಕಮಿಷನ್ನು ಹಳೆಯ ಉಂಬಳಿಗಳ ಪತ್ರಗಳನ್ನು ಕೇಳಿತು. ಪತ್ರ ತೋರಿಸಲಾಗದವರ ಭೂಮಿಗಳು ಕಂದಾಯಕ್ಕೆ ಸೇರಿದವು. ಹೊಸ ಸರಕಾರವೂ ಕೆಲಸಗಳನ್ನು ಮಾಡದೆ ಇರಲಿಲ್ಲ. ಸೊಲ್ಲಾಪುರದ ಬಳಿಯ ಏಕರೂಖ ಕೆರೆ 1871ರಲ್ಲಿ ಮುಗಿಯಿತು. ಆದರೆ 1876-78ರ ಮಹಾಕ್ಷಾಮದಲ್ಲಿ ಊರಿನ ಛತ್ರವಾಗಲಿ ಮಠವಾಗಲಿ ತಡೆಯಲಾರದಷ್ಟು ಹಸಿವು ಈ ಬಯಲುಸೀಮೆಯನ್ನು ಕವಿಯಿತು. 1880ರಲ್ಲಿ ಕ್ಷಾಮ ಆಯೋಗವು ವರದಿ ಕೊಟ್ಟ ಬಳಿಕವೇ ಬರಗಾಲದ ಪರಿಹಾರಕ್ಕೆ ಲಿಖಿತ ನಿಯಮಗಳು ಸಿದ್ಧವಾದವು. ಒಂದು ಊರು ತನ್ನ ಬಲದಿಂದಲೇ ಎಲ್ಲವನ್ನೂ ಮಾಡಲಾರದು, ಸರಕಾರದ ಹೊಣೆ ಬೇರೆ ಇದೆ ಎಂಬುದು ಆ ಬರವು ಕಲಿಸಿದ ಪಾಠ. 1972ರ ಬರದಲ್ಲಿ ಮಹಾರಾಷ್ಟ್ರ ಸರಕಾರವು ಆರಂಭಿಸಿ, 1977ರಲ್ಲಿ ಕಾಯ್ದೆಯಾಗಿಸಿದ ಉದ್ಯೋಗ ಖಾತ್ರಿ ಯೋಜನೆಯು ಅದೇ ಪಾಠದ ಮುಂದುವರಿಕೆ.

ಸರಕಾರದ ಹೊಣೆ ಬೆಳೆಯುತ್ತಿದ್ದಾಗಲೇ ಜನರು ತಾವೇ ಕೂಡಿ ಕಟ್ಟಿದ ಹೊಸ ಆಸರೆಗಳೂ ಎದ್ದವು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಹಿಂದಿನ ವರ್ಷದ ಕಾಯ್ದೆಯ ಮೇರೆಗೆ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಭಾರತದ ಸಹಕಾರ ಚಳವಳಿಯ ಮೊದಮೊದಲ ಸಂಘಗಳಲ್ಲಿ ಇದೂ ಒಂದು. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕೆ. ಎಲ್. ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯೂ ಉಪಾಧ್ಯಾಯರೇ. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ಇವು ಇಂದಿಗೂ ನೆನಪಿನಲ್ಲಿರುವುದಕ್ಕೆ ಕಾರಣ ಒಂದೇ. ಸಂಘಕ್ಕೆ ಲೆಕ್ಕಪುಸ್ತಕವಿತ್ತು, ದತ್ತಿಗೆ ಪತ್ರವಿತ್ತು, ಶಾಲೆಗೆ ನಡೆಸುವವರಿದ್ದರು. ಸಾಲೋಟಗಿಯ ಕಲ್ಲಿನಲ್ಲಿದ್ದ ವಿವೇಕವೇ ಕಾಗದಕ್ಕೆ ಇಳಿದು ಬಂದಿತ್ತು.

ಇನ್ನು ನಮ್ಮ ಗಡಿಯ ಊರುಗಳ ಮಾತು. ಅಕ್ಕಲಕೋಟೆ, ಜತ್ತ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರ ನವೆಂಬರ್ 1ರ ಪುನರ್ರಚನೆಯಲ್ಲಿ ಅಲ್ಲಿಯೇ ಉಳಿದವು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯದಲ್ಲಿ ನೆಲೆಗೊಂಡವು. ಗಡಿಗೆರೆ ಬಿದ್ದಾಗ ಮನೆ, ಹೊಲ, ಬಾವಿ ಇದ್ದಲ್ಲಿಯೇ ಇದ್ದವು. ಬದಲಾದುದು ಕಚೇರಿಯ ಭಾಷೆ. ಮರಾಠಿಯು ನಮ್ಮ ನೆರೆಯ ನುಡಿ, ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅಕ್ಷರ ಕಲಿತ ಮಗನು ಮರಾಠಿ ಓದಿಯಾನು; ಅವನ ಮುದುಕಿ ಅಜ್ಜಿಯ ಪಾಡೇನು? ನಿರ್ಗತಿಕರಿಗೆಂದು 1980ರಿಂದ ನಡೆದು ಬಂದಿರುವ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯ ಮಾಸಾಶನವು ತನಗೂ ಸಲ್ಲಬಹುದೆಂಬುದು ಆಕೆಗೆ ತಿಳಿಯುವುದು ಯಾರಿಂದ? ಬಳ್ಳಿಗಾವೆಯ ಕಲ್ಲು ಕುರುಡನನ್ನು, ಅನಾಥನನ್ನು ಎಣಿಸಿ ಹೇಳಿದಂತೆ ಆಕೆಗೆ ಹೇಳುವವರು ಬೇಕು.

ಈ ಕಷ್ಟವನ್ನು ದೇಶದ ಹಿರಿಯರು ಕಾಣದೆ ಇರಲಿಲ್ಲ. ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯ ಉಪಾಧ್ಯಾಯರನ್ನು ನೇಮಿಸಬೇಕೆಂದು 1949ರಲ್ಲಿ ಪ್ರಾಂತಗಳ ಶಿಕ್ಷಣಮಂತ್ರಿಗಳ ಸಮ್ಮೇಳನವು ಗೊತ್ತುಮಾಡಿತು. 1956ರಲ್ಲಿ ಸಂವಿಧಾನಕ್ಕೆ 350-ಎ ಅನುಚ್ಛೇದವು ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯವನ್ನು ಒದಗಿಸುವ ಹೊಣೆಯನ್ನು ರಾಜ್ಯಗಳ ಮೇಲೆ ಇಟ್ಟಿತು. ಅದೇ ವರ್ಷದ ಕೇಂದ್ರ ಸರಕಾರದ ನಿವೇದನೆಯು, ಒಂದು ಪ್ರದೇಶದಲ್ಲಿ ಇಂಥವರ ಸಂಖ್ಯೆ ನೂರಕ್ಕೆ 15ರಿಂದ 20ರಷ್ಟಿದ್ದರೆ ಸರಕಾರದ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವುದು ಒಳಿತೆಂದು ಸೂಚಿಸಿತು. ಕೇರಳದಲ್ಲಿ 1969ರ ರಾಜ್ಯಭಾಷಾ ಕಾಯ್ದೆಯು ಅಲ್ಲಿಯ ಕನ್ನಡಿಗರಿಗೂ ತಮಿಳರಿಗೂ ತಮ್ಮ ನುಡಿಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡುವ ಅವಕಾಶವನ್ನು ಕೊಟ್ಟಿತು. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಪಠ್ಯಪುಸ್ತಕ ಮಂಡಳವು, ಎಂದರೆ ಬಾಲಭಾರತಿಯು, ಕನ್ನಡದಲ್ಲಿಯೂ ಪಠ್ಯಗಳನ್ನು ಅಚ್ಚುಹಾಕಿದೆ. ಇವೆಲ್ಲ ದಾನಗಳು. ಇವುಗಳ ಪಾಲನೆ ಯಾರದು ಎಂಬುದೇ ಪ್ರಶ್ನೆ. ಹತ್ತು ಮಕ್ಕಳಿದ್ದರೆ ಉಪಾಧ್ಯಾಯನೆಂಬ ನಿಯಮವು, ಹತ್ತು ಮನೆಯವರು ಮಕ್ಕಳ ಹೆಸರು ಬರೆಯಿಸಿದಾಗ ಮಾತ್ರ ಜೀವಂತವಾಗಿರುವುದು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಸೂಚನೆ. ಮೇಲಿನ ತರಗತಿಯ ವಿದ್ಯಾರ್ಥಿಗಳಿಂದ ತಮ್ಮ ಊರಿನ ಆಸರೆಗಳ ಪುಸ್ತಕವೊಂದನ್ನು ಬರೆಯಿಸಬೇಕು. ಒಂದೊಂದು ಪುಟಕ್ಕೆ ಒಂದೊಂದು ಆಸರೆ: ಕುಡಿಯುವ ನೀರಿನ ಬಾವಿ, ದವಾಖಾನೆ, ಅಂಗನವಾಡಿ, ಪತ್ತಿನ ಸಂಘ, ವಾಚನಾಲಯ, ಮಠದ ದಾಸೋಹ, ಬೇಸಗೆಯ ಅರವಟ್ಟಿಗೆ, ತಲಾಠಿಯ ಚಾವಡಿ. ಪ್ರತಿಯೊಂದರ ಕೆಳಗೆ ಐದು ಪ್ರಶ್ನೆಗಳು: ಇದನ್ನು ಯಾರು, ಯಾವಾಗ ಆರಂಭಿಸಿದರು? ಇದು ಯಾರಿಗೆ ಸಲ್ಲುತ್ತದೆ? ಇದರ ವೆಚ್ಚ ಎಲ್ಲಿಂದ ಬರುತ್ತದೆ? ಇದನ್ನು ನೋಡಿಕೊಳ್ಳುವವರು ಯಾರು? ಇಲ್ಲಿಯ ಫಲಕ ಯಾವ ಭಾಷೆಯಲ್ಲಿದೆ? ಊರಿನಲ್ಲಿ ಹಳೆಯ ಶಾಸನವಿದ್ದರೆ ಅದನ್ನು ಮೊದಲ ಪುಟದಲ್ಲಿ ಸೇರಿಸಬೇಕು. ಉತ್ತರ ದೊರೆಯದ ಕಡೆ ಸ್ಥಳವನ್ನು ಖಾಲಿ ಬಿಡಬೇಕು. ಮೂರನೆಯ, ನಾಲ್ಕನೆಯ ಪ್ರಶ್ನೆಗಳ ಮುಂದೆ ಖಾಲಿ ಉಳಿದ ಆಸರೆಯು ಬೇಗ ಕೆಡುವುದೆಂದು ತಿಳಿದು ಊರಿನ ಹಿರಿಯರ ಗಮನಕ್ಕೆ ತರಬೇಕು.

ಪುಸ್ತಕ ಸಿದ್ಧವಾದ ಮೇಲೆ ಅದನ್ನು ಶಾಲೆಯ ಕಪಾಟಿನಲ್ಲಿಟ್ಟು ಬೀಗ ಹಾಕಲಾಗದು. ತಿಂಗಳಿಗೊಮ್ಮೆ ಓಣಿಯ ಕಟ್ಟೆಯ ಮೇಲೆ ಕುಳಿತು ವಿದ್ಯಾರ್ಥಿಯೊಬ್ಬನು ಅದನ್ನು ಕನ್ನಡದಲ್ಲಿ ಓದಿ ಹೇಳಲಿ. ಅರ್ಜಿ ಬರೆಯಬೇಕಾದವರಿದ್ದರೆ ಮರಾಠಿ ಬಲ್ಲ ಮಕ್ಕಳು ಬರೆದುಕೊಡಲಿ. ಪ್ರತಿವರ್ಷ ಹೊಸ ತರಗತಿಯವರು ಅದನ್ನು ತಿದ್ದಿ ಮುಂದಿನವರ ಕೈಗೆ ಒಪ್ಪಿಸಲಿ. ನಾಗಾವಿಯ ಭಂಡಾರಿಗರಿಗೆ ಭೂಮಿಯ ಉಂಬಳಿಯಿತ್ತು, ನಮಗೆ ಅದಿಲ್ಲ. ಕೆಲಸ ಮಾತ್ರ ಅದೇ.